ಶೆಡ್ಡಿನ ನೆರಳು

ಮಧ್ಯಾಹ್ನದ ಊಟವಾದ ಮೇಲೆ ಕೆಲವರು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಕೆಲವರು ಅಡ್ಡಾಗುತ್ತಾರೆ. ನಾನು ನಿಘಂಟು ತೆಗೆಯುತ್ತೇನೆ. ಓದುವುದಕ್ಕೆ ಎಂದು ನೀವು ಗೌರವದಿಂದ ತಿಳಿದುಕೊಂಡರೆ ನನ್ನ ಅಭ್ಯಂತರವಿಲ್ಲ. ನನ್ನ ಹೆಂಡತಿಯ ಪ್ರಕಾರ ಮಾತ್ರ ಅದು ನಿದ್ದೆಯ ಔಷಧ. ಇಂಗ್ಲಿಷ್ ಪದಗಳ ಹುಟ್ಟನ್ನು ಹೇಳುವ ಆ ಪುಸ್ತಕ ಕೂಸಿನಷ್ಟು ಭಾರವಿದೆ, ನಾನು ಅದನ್ನು ಎದೆಯ ಮೇಲೆ ಇಟ್ಟುಕೊಂಡೇ ಕಣ್ಣು ಮುಚ್ಚುತ್ತೇನೆ. “ಒಂದ್ ದಿವಸ ಅದರ ಭಾರಕ್ಕ ಉಸರು ನಿಂದರತದ, ಆಮ್ಯಾಲೆ ಆ ಪುಸ್ತಕದಾಗ ನಿಮ್ಮ ಹೆಸರೂ ಬರೀತಾರ” ಎಂದು ಅವಳು ಹೆದರಿಸುತ್ತಾಳೆ.

ಗೋವೆಯ ವಾಸ್ಕೋದ ಒಂದು ಹೈಸ್ಕೂಲಿನಲ್ಲಿ ಜೀವಮಾನವಿಡೀ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಕಲಿತವರು ಹಡಗು ಹತ್ತಿ ಹೋದರು, ಕಲಿಸಿದವನು ನಿಘಂಟಿನೊಳಗೆ ಹೋದೆ. ಪದದ ಅರ್ಥದಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಅದರ ಮನೆತನ ಬೇಕು. ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವನ ಊರು, ಅಡ್ಡಹೆಸರು, ಸೋದರಮಾವನ ಊರು ಎಲ್ಲ ವಿಚಾರಿಸಿ, ಕೊನೆಗೆ ಅವನ ಹೆಸರು ಕೇಳುವುದನ್ನೇ ಮರೆಯುವ ಮುದುಕರಿರುತ್ತಾರಲ್ಲ, ನನ್ನದು ಆ ಜಾತಿ. ಈ ಹುಚ್ಚಿನಿಂದ ಯಾರಿಗೂ ಉಪಕಾರವಾಗಿಲ್ಲ. ಅಪಕಾರವೂ ಆಗುವುದಿಲ್ಲ ಎಂದು ನಂಬಿಕೊಂಡಿದ್ದೆ. ಈಚೆಗೆ ಒಂದು ಪದದ ದೆಸೆಯಿಂದ ಆ ನಂಬಿಕೆಯೂ ಹೋಯಿತು. ಪದ ದೊಡ್ಡದೇನಲ್ಲ, ‘ಶೆಡ್’.

ಶೆಡ್ ಇಂಗ್ಲಿಷರದು ಎಂದರೆ ನಮ್ಮ ಕಡೆಯ ಜನ ನಂಬುವುದಿಲ್ಲ. ವಿಜಯಪುರ, ಬಾಗಲಕೋಟೆಯ ಕಡೆಯಿಂದ ದುಡಿಯಲು ಗೋವೆಗೆ ಬಂದವರು ಕೊಂಕಣಿಗಿಂತ ಮೊದಲು ಕಲಿಯುವುದು ಆ ಮಾತನ್ನು. ಬಂದರಿನಲ್ಲಿ ಮೂಟೆ ಹೊರುವವರು ಶೆಡ್ಡಿಗೆ ಹೊರುತ್ತಾರೆ. ಕಂಪನಿ ಬಸ್ಸಿನಲ್ಲಿ ಪಾಳಿಗೆ ಹೋಗುವವರು ವೆರ್ಣಾದ ಶೆಡ್ಡುಗಳಲ್ಲಿ ಇಳಿಯುತ್ತಾರೆ. ಕಟ್ಟಡ ಕಟ್ಟುವವರು ಶೆಡ್ಡಿನಲ್ಲಿ ಅಡಿಗೆ ಮಾಡಿ, ಶೆಡ್ಡಿನಲ್ಲಿ ಮಲಗಿ, ಶೆಡ್ಡಿನಲ್ಲೇ ಮಕ್ಕಳನ್ನು ಬೆಳೆಸುತ್ತಾರೆ. ಎಲ್ಲಿರುತ್ತೀರಿ ಎಂದು ಕೇಳಿ ನೋಡಿ. “ಶೆಡ್ನ್ಯಾಗ ಇರತೇವ್ರಿ” ಎನ್ನುತ್ತಾರೆ. ‘ಮನಿ’ ಎಂಬ ಮಾತನ್ನು ಊರಲ್ಲಿಯೇ ಬಿಟ್ಟು ಬಂದಿರುತ್ತಾರೆ, ಅಲ್ಲಿ ಮನೆ ಉಳಿದಿರಲಿ ಬಿಡಲಿ.

ಇನ್ನು ಪದದ ಮನೆತನಕ್ಕೆ ಬನ್ನಿ. ಶೆಡ್ ಎಂಬುದು ‘ಶೇಡ್’ ಎಂಬುದರದೇ ಇನ್ನೊಂದು ರೂಪವಿರಬೇಕು ಎನ್ನುತ್ತದೆ ನನ್ನ ನಿಘಂಟು. ಶೇಡ್ ಎಂದರೆ ನೆರಳು. ಐದಾರು ಶತಮಾನಗಳ ಹಿಂದೆ ಯಾರೋ ಒಬ್ಬ ಬರವಣಿಗೆಯ ಗುಮಾಸ್ತ ತನ್ನ ಕಡೆಯವರ ಉಚ್ಚಾರದಂತೆ ಅದನ್ನು ಗೀಚಿದ್ದಕ್ಕೆ ಒಂದು ಪದ ಎರಡಾಗಿರಬಹುದು. ನೆರಳು ಬೇರೆ ಮನೆ ಮಾಡಿತು, ಛಾವಣಿ ಬೇರೆ ಮನೆ ಮಾಡಿತು. ಮೂರನೆಯ ಮಗ ‘ಶ್ಯಾಡೋ’ ಅದೇ ಹೊಟ್ಟೆಯವನು. ಹಿಂದಕ್ಕೆ ಹೋದರೆ ಎಲ್ಲ ಒಂದು ಹಳೆಯ ಜರ್ಮಾನಿಕ್ ಮೂಲಕ್ಕೆ ಸೇರುತ್ತವೆ. ಜರ್ಮನರು ಇವತ್ತಿಗೂ ನೆರಳಿಗೆ ‘ಶಾಟನ್’ ಅನ್ನುತ್ತಾರೆ. ಇನ್ನೂ ಆಚೆ ಹೋದರೆ ಗ್ರೀಕರ ಮನೆಯಲ್ಲೊಬ್ಬ ದಾಯಾದಿ ಸಿಗುತ್ತಾನೆ, ‘ಸ್ಕೋಟೋಸ್’ ಎಂದು. ಅವನ ಅರ್ಥ ಕತ್ತಲೆ. ನೆರಳು ಕೊಡುವುದೇ ಶೆಡ್ಡಿನ ಹುಟ್ಟುಗುಣ, ಅದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ ಎಂಬುದು ಈ ಪಾಂಡಿತ್ಯದ ಸಾರ.

ಹೀಗೆ ಬರೆದವನನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಗೋವೆಯ ಒಂದು ತಗಡಿನ ಶೆಡ್ಡಿನೊಳಗೆ ಕೂರಿಸಬೇಕು ಎಂದು ನನಗೆ ಅನಿಸುತ್ತದೆ. ತಗಡು ಬಿಸಿಲನ್ನು ತಡೆಯುವುದಿಲ್ಲ, ಕೂಡಿಡುತ್ತದೆ. ಮೇಲಿನಿಂದ ಕಾವು, ಬದಿಯಿಂದ ಕಾವು, ಸಮುದ್ರದ ಬೆವರು ಬೇರೆ. ಅದೇ ಸಮುದ್ರದ ದಂಡೆಯಲ್ಲಿ ಬಿದಿರು, ಗರಿ ಹಾಕಿ ‘ಶ್ಯಾಕ್’ ಎಂದು ಕಟ್ಟುತ್ತಾರೆ, ಅಲ್ಲಿ ಕಾಲು ಚಾಚಿ ಕೂರಲು ದೇಶ ದೇಶದವರು ಹಣ ತೆತ್ತು ಬರುತ್ತಾರೆ. ಮಳೆಗಾಲಕ್ಕೆ ಅದನ್ನೂ ಬಿಚ್ಚುತ್ತಾರೆ, ಇದನ್ನೂ ಬಿಚ್ಚುತ್ತಾರೆ. ಅದನ್ನು ಬಿಚ್ಚಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಶ್ಯಾಕ್ ಎಂಬ ಪದ ಎಲ್ಲಿ ಹುಟ್ಟಿತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕುಲಗೋತ್ರ ಗೊತ್ತಿಲ್ಲದ್ದಕ್ಕೆ ಅಷ್ಟು ಮರ್ಯಾದೆ, ಕುಲೀನ ಮನೆತನದ ಶೆಡ್ಡಿಗೆ ಇಷ್ಟು.

ನನಗೆ ಶೆಡ್ಡಿನ ಪರಿಚಯ ಮಾಡಿಕೊಟ್ಟವಳು ನೀಲವ್ವ. ವೆರ್ಣಾದ ಹತ್ತಿರ ಗುಡ್ಡದ ಇಳಿಜಾರಿನಲ್ಲಿ ನಾನು ಉಳಿತಾಯವನ್ನೆಲ್ಲ ಸುರಿದು ಕೊಂಡ ಫ್ಲ್ಯಾಟನ್ನು ಅವಳ ಗಂಡ ಸಂಗಪ್ಪ ಕಟ್ಟಿದ್ದು. ಅವನು ಗೌಂಡಿ, ಅವಳು ಕಲ್ಲು, ಕಾಂಕ್ರೀಟು ಹೊತ್ತವಳು. ಮುದ್ದೇಬಿಹಾಳದ ಕಡೆಯವರು. ನಾವು ಗೃಹಪ್ರವೇಶ ಮಾಡಿದಾಗ ಕಂಪೌಂಡ್ ಗೋಡೆ, ಹಿಂದಿನ ಬಣ್ಣ ಇನ್ನೂ ಬಾಕಿಯಿತ್ತು. ಹಾಗಾಗಿ ಕಟ್ಟಡದ ಹಿಂದಿನ ಮೂಲೆಯಲ್ಲಿ ಅವರ ಶೆಡ್ ನಿಂತಿತ್ತು, ಸರಿಯಾಗಿ ನಮ್ಮ ಅಡಿಗೆಮನೆಯ ಕಿಟಕಿಯ ಕೆಳಗೆ. ಮೊದಲ ದಿನವೇ ಕೆಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ನನ್ನ ಹೆಂಡತಿಯ ಮುಖ ಅರಳಿತು. ಸಂಜೆಯೊಳಗೆ ಶೇಂಗಾದ ಚಟ್ನಿ ಕೆಳಗಿಳಿದು ಜೋಳದ ರೊಟ್ಟಿ ಮೇಲೆ ಹತ್ತಿತ್ತು.

ನೀಲವ್ವನಿಗೆ ಒಂದು ಅಭ್ಯಾಸವಿತ್ತು. ಯಾವ ಸೈಟಿಗೆ ಹೋದರೂ ಶೆಡ್ ನಿಂತ ಮರುದಿನ ಅದರ ಪಡುವಣ ಮಗ್ಗುಲಿಗೆ ಹೀರೆಯ ಬೀಜ ಹಾಕುವುದು. ಗೋಡೆಗೆ ಹೊಡೆದ ನೀರು ಹರಿದು ಬರುವಲ್ಲಿಯೇ ಅದರ ಪಾತಿ. ಬಳ್ಳಿ ತಗಡಿನ ಮೇಲೆ ಹಬ್ಬಿದರೆ ಒಳಗೆ ತುಸು ತಂಪು. “ಕಾಯಿ ಬಿಟ್ರ ಲಾಭ, ಬಿಡದಿದ್ರ ನೆರಳರ ಆತಲ್ರಿ” ಎನ್ನುತ್ತಿದ್ದಳು. ಪ್ರತಿ ಸಲ ಕಾಯಿ ಬಿಡುವ ಹೊತ್ತಿಗೆ ಅಲ್ಲಿಯ ಗೋಡೆ ಕೆಲಸ ಮುಗಿದು ಇವರು ಮುಂದಿನ ಸೈಟಿನಲ್ಲಿ ಇರುತ್ತಿದ್ದರಂತೆ. ಅದನ್ನು ಅವಳು ದೂರಿನಂತೆ ಹೇಳುತ್ತಿರಲಿಲ್ಲ, ಬಸ್ಸು ತಪ್ಪಿದ ಸುದ್ದಿಯಂತೆ ಹೇಳುತ್ತಿದ್ದಳು. ಪಣಜಿಯಿಂದ ಹಿಡಿದು ಮಡಗಾಂವಿನವರೆಗೆ ಎಷ್ಟು ಕಟ್ಟಡಗಳ ಹಿಂದೆ ಅವಳ ಹೀರೆ ಹೂಬಿಟ್ಟು ಒಣಗಿದೆಯೋ ನನಗೆ ತಿಳಿಯದು.

ಆದರೆ ಈ ಸಲದ ಬಳ್ಳಿಗೆ ಒಂದು ಕೆಲಸ ಗೊತ್ತಾಗಿತ್ತು. ಮಗಳು ಕಸ್ತೂರಿ ಚೊಚ್ಚಲ ಬಸುರಿ. ಸೀಮಂತದ ಕುಬಸ ಮುಗಿಸಿ ತಾಯಿಯ ಹತ್ತಿರ ಬಂದಿದ್ದಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತಾಯಿಯ ಕೈಯಿಂದ ಆಗಬೇಕು, ತೊಟ್ಟಿಲು ತವರಿನ ಜಂತಿಗೆ ತೂಗಬೇಕು. ನಮ್ಮ ಕಡೆ ಇದಕ್ಕೆ ಎರಡು ಮಾತಿಲ್ಲ. ಊರಿನ ಮನೆ ನೀಲವ್ವನ ಮೈದುನರ ಪಾಲಿಗೆ ಹೋಗಿತ್ತು. ಹಾಗಾಗಿ ಕಸ್ತೂರಿಯ ತವರು ಎಂದರೆ ನಮ್ಮ ಕಿಟಕಿಯ ಕೆಳಗಿನ ಆ ತಗಡು. ಬಿಸಿಲೇರಿದಾಗ ಅವಳು ಹೊರಗೆ ಬಳ್ಳಿಯ ಕೆಳಗೆ ಸಿಮೆಂಟಿನ ಚೀಲ ಹಾಸಿಕೊಂಡು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನಿಘಂಟಿನ ಅರ್ಥದಲ್ಲಿ ಶೆಡ್ ಎನ್ನುವುದು ಇದ್ದರೆ ಅದು ಅಷ್ಟೇ ಅಗಲದ ಜಾಗವಾಗಿತ್ತು.

ನಮ್ಮದೊಂದು ಕೋಣೆ ಖಾಲಿ ಬಿದ್ದಿದೆ, ಬಾಣಂತನ ಅಲ್ಲೇ ಮಾಡು ಎಂದು ನನ್ನ ಹೆಂಡತಿ ಕರೆದಳು. ನೀಲವ್ವ ನಕ್ಕಳು.

“ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಕ್ಕಾರ. ಖರೇ, ಅದು ನಿಮ್ಮ ಮನಿ ಅಕ್ಕೈತ್ರಿ. ನಾಳಿ ಬೀಗರು ಬಂದು ‘ಮಗಳ್ನ ಯಾರ ಮನ್ಯಾಗ ಇಟ್ಟೀರಿ’ ಅಂದ್ರ ಏನಂತ ಹೇಳ್ಲಿ? ತಗಡರ ಇರ್ಲಿ, ನಂದಿರಬೇಕು.”

ಸಂಗಪ್ಪ ಮಾತಿನವನಲ್ಲ. ಅವನು ಮಾಡಿದ್ದು ಗೌಂಡಿಯೊಬ್ಬ ಮಾತ್ರ ಮಾಡುವ ತಪ್ಪು. ಬಾಣಂತಿಗೆ ಬಿಸಿನೀರು ಎರೆಯಲು ಮರೆ ಬೇಕು, ಗಾಳಿ ತಾಗಬಾರದು. ಬೇರೆ ಯಾರಾದರೂ ಆಗಿದ್ದರೆ ಗೋಣಿಚೀಲ ಕಟ್ಟುತ್ತಿದ್ದರು. ಇವನು ಉಳಿದ ಇಟ್ಟಿಗೆಗಳಿಂದ ಎದೆಯೆತ್ತರದ ಒಂದು ಗೋಡೆ ಎಬ್ಬಿಸಿದ. ಎಬ್ಬಿಸಿದವನು ಸುಮ್ಮನಿರಲಿಲ್ಲ, ನೇರ ನೋಡುವ ಗುಂಡನ್ನು ದಾರದಿಂದ ಇಳಿಬಿಟ್ಟು ನೋಡಿ, ಗಾರೆಯ ಗಿಲಾಯಿ ಮಾಡಿ, ಸುಣ್ಣ ಬಳಿದ. ಬಚ್ಚಲಿಗೆ ಇಳಿಜಾರು ಕೊಟ್ಟ. ಮೇಲಿನ ಕಬ್ಬಿಣದ ಪೈಪಿಗೆ ತೊಟ್ಟಿಲಿಗೆಂದು ಒಂದು ಕೊಂಡಿ ಬೆಸೆಸಿ, ಅದಕ್ಕೆ ಜೋತುಬಿದ್ದು ಪರೀಕ್ಷೆ ಮಾಡಿದ. ಜೀವಮಾನವಿಡೀ ಬೇರೆಯವರ ಗೋಡೆ ಕಟ್ಟಿದವನ ಕೈಗೆ ತನ್ನದೊಂದು ಗೋಡೆ ಸಿಕ್ಕಿತ್ತು. ಸೊಟ್ಟಗೆ ಕಟ್ಟುವುದು ಅವನಿಂದ ಆಗಲಿಲ್ಲ. ಅವತ್ತು ಸಂಜೆ ನೀಲವ್ವ ಕಿಟಕಿಯ ಕೆಳಗೆ ನಿಂತು ನನ್ನ ಹೆಂಡತಿಯನ್ನು ಕರೆದಳು: “ಅಕ್ಕಾರ, ಮನಿಗೆ ಬಂದು ನೋಡಿ ಹೋಗ್ರಿ.” ಮನಿ ಎಂದಳು. ನಾವಿಬ್ಬರೂ ಹೋಗಿ ಸುಣ್ಣದ ಹಸಿ ವಾಸನೆಯ ನಡುವೆ ಚಹಾ ಕುಡಿದು ಬಂದೆವು.

ಆ ಸುಣ್ಣದ ಗೋಡೆ ಮೇಲಿನ ಮಹಡಿಗಳಿಗೂ ಕಂಡಿತು. ಅಷ್ಟು ದಿನ ಶೆಡ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಗಡು ಎಂದರೆ ನಾಳೆ ಹೋಗುವಂಥದು, ಹೋಗುವವರನ್ನು ನೋಡುವ ಅಗತ್ಯವಿಲ್ಲ. ಇಟ್ಟಿಗೆ ಹಾಗಲ್ಲ. ಇಟ್ಟಿಗೆ ಕಂಡ ಕೂಡಲೇ ನಮ್ಮ ಸೊಸೈಟಿಯ ಎದೆ ಹೊಡೆದುಕೊಂಡಿತು. ಭಾನುವಾರ ಕೆಳಗೆ ಕಾರು ನಿಲ್ಲಿಸುವ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಕರೆದರು. ನಮ್ಮ ಸಭೆಗಳ ಸ್ವಭಾವ ನಿಮಗೆ ಹೇಳಬೇಕು. ಲಿಫ್ಟ್ ಕೆಟ್ಟಿದೆ ಎಂದರೆ ಕಾರ್ಯದರ್ಶಿ ‘ಮಾಗೀರ’ ಎನ್ನುತ್ತಾರೆ. ನೀರಿನ ಟ್ಯಾಂಕು ಸೋರುತ್ತಿದೆ ಎಂದರೂ ‘ಮಾಗೀರ’. ಕೊಂಕಣಿಯಲ್ಲಿ ಹಾಗೆಂದರೆ ‘ಆಮೇಲೆ’. ಗೋವೆಯಲ್ಲಿ ಅದಕ್ಕೆ ಗಡುವಿಲ್ಲ; ಆ ಮಾತು ಆಡಿದ ಮೇಲೆ ಆಡಿದವರೂ ಕೇಳಿದವರೂ ನೆಮ್ಮದಿಯಿಂದ ಮನೆಗೆ ಹೋಗಬಹುದು. ಅವತ್ತು ಮಾತ್ರ ಯಾರ ಬಾಯಲ್ಲೂ ಮಾಗೀರ ಬರಲಿಲ್ಲ.

“ಇವತ್ತು ಗೋಡೆ, ನಾಳೆ ಕರೆಂಟಿನ ಮೀಟರು, ನಾಡಿದ್ದು ಓಟಿನ ಚೀಟಿ” ಎಂದರು ಒಬ್ಬರು. ‘ಘಾಟಿ’ ಎಂಬ ಬೈಗುಳವೂ ಒಂದು ಕಡೆಯಿಂದ ಹಾರಿ ಬಂತು. ಘಟ್ಟದ ಮೇಲಿನವರು ಎಂದು ಅದರ ಮೂಲ. ನಾನೂ ಘಟ್ಟ ಇಳಿದೇ ಬಂದವನು. ಆದರೆ ಫ್ಲ್ಯಾಟ್ ಕೊಂಡ ಮೇಲೆ ಆ ಮಾತು ನನ್ನ ಮುಖಕ್ಕೆ ತಾಗದಂತೆ ಜನ ಎಚ್ಚರದಿಂದ ಎಸೆಯುತ್ತಾರೆ.

ಆಗ ನಾನು ಎದ್ದು ನಿಂತೆ. ಹೆಂಡತಿ ಅಂಗಿ ಜಗ್ಗಿದಳು. ನಿಂತವನು ಏನು ಹೇಳಬೇಕಿತ್ತು? ಒಂದು ಹುಡುಗಿಗೆ ದಿನ ತುಂಬಿದೆ, ತೊಟ್ಟಿಲು ತೂಗುವ ತನಕ ಬಿಡಿ ಎನ್ನಬೇಕಿತ್ತು. ಅದನ್ನು ಹೇಳಿದೆ, ಇಲ್ಲವೆಂದಲ್ಲ. ಆದರೆ ಅದಕ್ಕೆ ಪೀಠಿಕೆ ಹಾಕಹೋದೆ. ಶೆಡ್ ಎಂಬ ಪದಕ್ಕೂ ನೆರಳಿಗೂ ಒಂದೇ ತಾಯಿ ಎಂದೆ. ಜರ್ಮನರನ್ನು ಕರೆತಂದೆ, ಗ್ರೀಕರನ್ನು ಎಬ್ಬಿಸಿದೆ. ನಮ್ಮ ಕನ್ನಡದಲ್ಲಿ ‘ನಿಮ್ಮ ನೆರಳಾಗ ಅದೀವ್ರಿ’ ಎಂದರೆ ನಿಮ್ಮ ಆಶ್ರಯದಲ್ಲಿದ್ದೇವೆ ಎಂದು, ನೋಡಿ, ಎರಡು ದೂರದ ಭಾಷೆಗಳು ಹೇಗೆ ಒಂದೇ ಸತ್ಯಕ್ಕೆ ಬಂದಿವೆ, ನೆರಳು ಕೊಡುವುದೇ ಶೆಡ್ಡಿನ ಧರ್ಮ, ಅದನ್ನು ಕಿತ್ತರೆ ನಾವು ಪದವನ್ನೇ ಕಿತ್ತಂತೆ ಎಂದೆ. ಒಳ್ಳೆಯ ಪಾಠ ಮಾಡಿದೆನೆಂದು ನನಗೇ ಅನಿಸಿತು. ಕೇಳಿದವರು ತಲೆದೂಗಿದರು. ಒಬ್ಬಾಕೆ ಚಪ್ಪಾಳೆಯನ್ನೂ ತಟ್ಟಿದರು.

ಎರಡನೆಯ ಮಹಡಿಯ ಒಬ್ಬ ತರುಣ, ಬಹಳ ವಿನಯದವನು, ಎದ್ದು ನಿಂತ. ಸರ್ ಹೇಳಿದ್ದು ನನಗೆ ತುಂಬ ಇಷ್ಟವಾಯಿತು ಎಂದ. ಶೆಡ್ ಎಂದರೆ ನೆರಳು, ಸರಿ. ನೆರಳಿಲ್ಲದೆ ಈಗ ಒದ್ದಾಡುತ್ತಿರುವುದು ಹೊರಗೆ ನಿಲ್ಲುವ ಕಾರುಗಳು, ಬಣ್ಣವೆಲ್ಲ ಸುಡುತ್ತಿದೆ. ಬಿಲ್ಡರ್ ಹಿಂದಿನ ಆ ಶೆಡ್ಡಿನ ತಗಡು, ಪೈಪುಗಳನ್ನು ನಮಗೇ ಬಿಟ್ಟುಹೋಗಿದ್ದಾನೆ. ಅದೇ ಸಾಮಾನಿನಲ್ಲಿ ಮುಂದೆ ಒಂದು ಚಂದದ ಶೆಡ್ ಆಗುತ್ತದಲ್ಲ? ಮಳೆಗೆ ಮುಂಚೆ ಮುಗಿಸಬಹುದು.

ಕೈಗಳು ಎದ್ದವು. ನನ್ನ ಕೈ, ನನ್ನ ಹೆಂಡತಿಯ ಕೈ, ಕೆಳಮಹಡಿಯ ಕಿವಿ ಕೇಳದ ಅಜ್ಜಿಯ ಕೈ ಆ ಕಡೆ ಇರಲಿಲ್ಲ. ಪದದ ಮೂಲ ಕೇಳಿ ಅದರಂತೆ ನಡೆದುಕೊಂಡ ಸಭೆಯನ್ನು ನಾನು ಜನ್ಮದಲ್ಲಿ ನೋಡಿದ್ದು ಅದೊಂದೇ. ಮಕ್ಕಳಿಗೆ ಅಷ್ಟು ವರ್ಷ ಗಂಟಲು ಹರಿದುಕೊಂಡರೂ ಒಬ್ಬರ ತಲೆಗೆ ಒಂದು ಮಾತು ಇಳಿಯಲಿಲ್ಲ ಎಂದು ಕೊರಗುತ್ತಿದ್ದೆ. ಇಳಿಯಬಾರದಿದ್ದ ದಿನ ಇಳಿಯಿತು. ಮನೆಗೆ ಬಂದು ನಿಘಂಟನ್ನು ಕಪಾಟಿನ ಮೇಲಿನ ಹಲಗೆಗೆ, ಕೈಗೆ ಎಟಕದಂತೆ ನೂಕಿದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಒಂದು ಕಡೆಗಿರಲಿ, ಆ ಜನರ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ ಎಂಬುದು ನೆನಪಾದಾಗ ಅದು ಹೆಚ್ಚಾಗುತ್ತದೆ. ದೀಪಾವಳಿಗೆ ಫರಾಳ ಕೊಡುತ್ತಾರೆ, ಕ್ರಿಸ್ಮಸ್ಸಿಗೆ ಕೇಕು ಕೊಡುತ್ತಾರೆ, ನನ್ನ ಹೆಂಡತಿಗೆ ಜ್ವರ ಬಂದರೆ ಕಾರು ತೆಗೆಯುತ್ತಾರೆ. ಕಿಟಕಿಯ ಕೆಳಗಿನ ಸುಣ್ಣದ ಗೋಡೆಯೊಂದನ್ನು ಮಾತ್ರ ಅವರಿಂದ ನೋಡಲಾಗಲಿಲ್ಲ.

ಹಳೆಯ ಶೆಡ್ ಬಿಚ್ಚಿ ಹೊಸದನ್ನು ನಿಲ್ಲಿಸುವ ಕೆಲಸ ಯಾರಿಗೆ ಕೊಟ್ಟರು ಎಂದು ನಿಮಗೆ ಬೇರೆ ಹೇಳಬೇಕೆ? ಸಂಗಪ್ಪನಿಗೆ. ಪಗಾರ ಚಲೋ ಕೊಟ್ಟರು. ಬೇಡ ಎನ್ನಬಹುದಿತ್ತಲ್ಲ ಎಂದು ನಾನು ಕೇಳಿದೆ. ಅವನು ಗೋಡೆಯ ಇಟ್ಟಿಗೆಗಳನ್ನು ಒಡೆಯದಂತೆ ಒಂದೊಂದಾಗಿ ಬಿಡಿಸಿ ಇಡುತ್ತಿದ್ದ. ತಲೆ ಎತ್ತದೆ, “ಕೆಲಸ ಅಲ್ಲೇನ್ರಿ ಸರ್?” ಎಂದ. ಆಮೇಲೆ, “ಬ್ಯಾರೇದವ್ನ ಕೈಯಾಗ ಕೊಟ್ಟಿದ್ರ ಬಡದು ಕೆಡವತಿದ್ದ” ಎಂದ.

ಕಸ್ತೂರಿಯ ಗಂಡನ ಕಡೆಯವರಿಗೆ ಸುದ್ದಿ ಹೋಯಿತು. ಅವಳ ಅತ್ತೆ ಮರುದಿನವೇ ಬಸ್ಸು ಹಿಡಿದು ಬಂದಳು. ಜಗಳವಾಡಲಿಲ್ಲ, ಅದೇ ಹೆಚ್ಚು ಕಹಿಯಾಯಿತು. ಬಿಚ್ಚಿಟ್ಟ ತಗಡುಗಳನ್ನು, ಬಯಲಿನಲ್ಲಿ ಒಲೆ ಹೂಡಿ ಕೂತ ಬೀಗತಿಯನ್ನು ಒಮ್ಮೆ ನೋಡಿ, “ಇರ್ಲಿ ಬಿಡ್ರಿ, ನಮ್ಮಲ್ಲೇ ಆಗ್ಲಿ” ಎಂದಳು. ನೀಲವ್ವ ಮಗಳ ಉಡಿ ತುಂಬುವಾಗ ಅಕ್ಕಿಯ ಜೊತೆ ಎರಡು ಎಳೆಯ ಹೀರೇಕಾಯಿ ಹಾಕಿದಳು. ಬೇರೇನೂ ಇರಲಿಲ್ಲವೆಂದಲ್ಲ, ಆ ಬಳ್ಳಿ ಕಾಯಿ ಬಿಡುವ ತನಕ ಇವರು ಒಂದೇ ಕಡೆ ಇದ್ದದ್ದು ಅದೇ ಮೊದಲ ಸಲವಾಗಿತ್ತು. ವಾರದೊಳಗೆ ಗಂಡ ಹೆಂಡತಿ ಲಾರಿ ಹತ್ತಿ ಸಾವರ್ಡೆಯ ಕಡೆಯ ಸೈಟಿಗೆ ಹೋದರು.

ನಮ್ಮ ಹೊಸ ಶೆಡ್ ಚೆನ್ನಾಗಿ ಬಂದಿದೆ. ತಗಡಿಗೆ ಹಸಿರು ಬಣ್ಣ ಹೊಡೆದಿದ್ದಾರೆ. ಸಂಗಪ್ಪ ಕೊಟ್ಟ ಇಳಿಜಾರಿಗೆ ಇಡೀ ಮಳೆಗಾಲದಲ್ಲಿ ಒಂದು ಹನಿ ಒಳಗೆ ಸೋರಲಿಲ್ಲ. ಕಾರುಗಳು ತಂಪಾಗಿ ನಿಂತಿರುತ್ತವೆ. ಸದಸ್ಯನೆಂದು ನನಗೂ ತುದಿಯಲ್ಲೊಂದು ಜಾಗ ಕೊಟ್ಟಿದ್ದಾರೆ. ಅಲ್ಲಿ ನನ್ನ ಹಳೆಯ ಸ್ಕೂಟರು ದೊಡ್ಡವರ ಪಂಕ್ತಿಯಲ್ಲಿ ಕೂತಂತೆ ಕುಗ್ಗಿ ನಿಲ್ಲುತ್ತದೆ. ತಲೆ ಎತ್ತಿದರೆ ಪೈಪಿನಲ್ಲಿ ಆ ಕೊಂಡಿ ಹಾಗೇ ಇದೆ. ಇದೇಕೆ ಇಲ್ಲಿ ಎಂದು ಒಬ್ಬರು ಕೇಳಿದರು. ತೊಟ್ಟಿಲಿಗೆ ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಶ್ರಾವಣದಲ್ಲಿ ಒಂದು ದಿನ ನೀಲವ್ವ ಬಂದಳು. ಗಂಡುಮಗುವಂತೆ, ತಾಯಿ ಮಗು ಚೆನ್ನಾಗಿದ್ದಾರಂತೆ. ತೊಟ್ಟಿಲ ಕಾರ್ಯಕ್ಕೆ ಹೋಗಿ ಬಂದಿದ್ದಳು. “ಹೋಗಿದ್ನಿ ಅಕ್ಕಾರ. ಎಲ್ಲಾರ್ಗತೆ ಉಂಡ್ ಬಂದ್ನಿ” ಎಂದಳು. ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಅಕಿಗೆ ಎರಡ್ ಚರಗಿ ನೀರ ಎರೀಲಿಲ್ರಿ ನಾ. ತವರ ಕೊಡಾಕ ಆಗಲಿಲ್ಲ ನನ್ ಕಡಿಂದ.” ನನ್ನ ಹೆಂಡತಿ ಅವಳ ಕೈ ಹಿಡಿದುಕೊಂಡಳು. ನಾನು ಎದ್ದು ಚಹಾಕ್ಕೆ ನೀರಿಟ್ಟೆ.

ಕಳಿಸಲು ಕೆಳಗಿಳಿದೆವು. ಹೊಸ ಶೆಡ್ಡಿನ ತುದಿಗೆ ಬಂದಾಗ ಅವಳು ನಿಂತಳು. ಬಿಚ್ಚಿದ ದಿನ ಬೀಜಕ್ಕೆ ಬಲಿತ ಕಾಯಿಯೊಂದು ತಗಡಿನ ಜೊತೆ ಬಂದಿತ್ತೇನೋ, ನನ್ನ ಸ್ಕೂಟರಿನ ಕಂಬದ ಬುಡದಲ್ಲಿ ಹೀರೆ ತಾನಾಗಿ ಎದ್ದು, ಕಂಬದರ್ಧ ಏರಿ, ಮುಂದೆ ಹಿಡಿಯಲು ಆಸರೆ ಸಿಗದೆ ತೂಗಾಡುತ್ತಿತ್ತು. ಕಿತ್ತು ಒಗೆಯುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಅವಳು ಸೀರೆಯ ಅಂಚಿನಿಂದ ಒಂದು ಎಳೆ ಹರಿದು, ಬಳ್ಳಿಯ ತುದಿಯನ್ನು ಎತ್ತಿ ಕಂಬಕ್ಕೆ ಸಡಿಲವಾಗಿ ಕಟ್ಟಿದಳು. ಸಾಲಾಗಿ ನಿಂತ ಕಾರುಗಳನ್ನು ನೋಡಿದಳು, ಕೊಂಡಿಯನ್ನೂ ನೋಡಿದಳು.

“ಬಳ್ಳಿಗೇನ್ ಗೊತ್ರಿ ಸರ್, ಕೆಳಗ ಯಾರ ಅದಾರಂತ” ಎಂದಳು. ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟುಹೋದಳು.

ಈಗ ಆ ಬಳ್ಳಿ ತಗಡು ಹತ್ತಿ, ಕಾರುಗಳ ಮೇಲೆಲ್ಲ ಹಬ್ಬಿ ಹಳದಿ ಹೂ ಬಿಟ್ಟಿದೆ. ಹೂ ಉದುರಿ ಗಾಜಿಗೆ ಅಂಟುತ್ತದೆ, ಇರುವೆ ಬರುತ್ತವೆ, ಬಣ್ಣ ಕೆಡುತ್ತದೆ ಎಂದು ಕಾರ್ಯದರ್ಶಿಗಳ ತಕರಾರು. ಬಳ್ಳಿ ನನ್ನ ಪಾಲಿನ ಕಂಬದಲ್ಲಿದೆ, ಆದ್ದರಿಂದ ನಾನೇ ಕೀಳಿಸಬೇಕಂತೆ. ಮೊನ್ನೆ ಮೆಟ್ಟಿಲಲ್ಲಿ ತಡೆದು ಮತ್ತೆ ಕೇಳಿದರು. ನಾನು ಜರ್ಮನರನ್ನು ಕರೆಯಲಿಲ್ಲ, ಗ್ರೀಕರನ್ನು ಎಬ್ಬಿಸಲಿಲ್ಲ. ಮೂಲ ಯಾವುದೆಂದು ಈವರೆಗೆ ಹುಡುಕದ, ಇನ್ನು ಮುಂದೆಯೂ ಹುಡುಕದಿರುವ ಒಂದೇ ಒಂದು ಪದ ನನ್ನ ಹತ್ತಿರ ಇತ್ತು. ಅವರ ಭುಜ ತಟ್ಟಿ, ನಕ್ಕು, ಅವರದೇ ಭಾಷೆಯಲ್ಲಿ ಅಂದೆ: “ಮಾಗೀರ.”